ರೀ, ಬೆರಳು ಆಚೆ!

ಬಂದೂಕು ಹೊಡೆಯುವುದನ್ನು ಅಭ್ಯಾಸ ಮಾಡುವ ರೇಂಜಿಗೆ ಬರುವ ಜೋಡಿಗಳಲ್ಲಿ ಸಾಮಾನ್ಯವಾಗಿ ಕಲಿಸುವವನು ಗಂಡ. ಹೆಂಡತಿ ಮುಖ ಗಂಟಿಕ್ಕಿಕೊಂಡು ಬಂದೂಕು ಹಿಡಿದಿರುತ್ತಾಳೆ. ಇವನು ಹಿಂದೆ ನಿಂತು ಒಂದೇ ಉಸಿರಿಗೆ ಹತ್ತು ಸಲಹೆ ಕೊಡುತ್ತಿರುತ್ತಾನೆ. ನಮ್ಮ ಮನೆಯಲ್ಲಿ ಇದು ಉಲ್ಟಾ. ಶೂಟಿಂಗ್ ಹುಚ್ಚು ನನ್ನದು. ಕಾಲೇಜಿನ ತಂಡದಲ್ಲಿ ಶುರುವಾಗಿದ್ದು ಮದುವೆಯಾದ ಮೇಲೂ ಬಿಡಲಿಲ್ಲ. ನಮ್ಮವರು ನನ್ನನ್ನು ಕರೆದುಕೊಂಡು ಬಂದು, ಹಿಂದೆ ಕೂತು ಫೋನ್ ನೋಡುತ್ತಾ ಕಾಯುವವರು. ಒಂದು ದಿನ ಇದ್ದಕ್ಕಿದ್ದಂತೆ "ನನಗೂ ಕಲಿಸು" ಅಂದರು.

ಕೋಚ್ ಇದ್ದಾರಲ್ಲ, ಅವರ ಹತ್ತಿರ ಕಲೀರಿ ಅಂದೆ.

"ಅವರ ಮುಂದೆ ತಪ್ಪು ಮಾಡೋಕೆ ನಾಚಿಕೆ ಆಗುತ್ತೆ ಕಣೇ. ನಿನ್ನ ಮುಂದೆ ಹೇಗೂ ಅಭ್ಯಾಸ ಇದೆ."

ಒಪ್ಪಿಕೊಂಡೆ. ಆದರೆ ಒಂದು ಷರತ್ತು ಹಾಕಿದೆ. ಫೈರಿಂಗ್ ಲೈನ್ ಮೇಲೆ ವಾದ ಇಲ್ಲ. ನಾನು ಹೇಳಿದ್ದನ್ನು ಆಗಲೇ ಮಾಡಬೇಕು, ಯಾಕೆ ಏನು ಅಂತ ಆಮೇಲೆ ಕಾರಿನಲ್ಲಿ ಕೇಳಬಹುದು. ರೇಂಜ್ ಆಫೀಸರ್ ಮಾತು ನಮ್ಮಿಬ್ಬರಿಗೂ ಮೇಲೆ. ಯಾರೇ "ಸ್ಟಾಪ್" ಅಂದರೂ ಇಬ್ಬರೂ ನಿಲ್ಲಿಸಬೇಕು. ಇವರು ನಗುತ್ತಾ ತಲೆ ಆಡಿಸಿದರು.

ಮೊದಲ ಪಾಠ ಮನೆಯಲ್ಲೇ, ಬಂದೂಕು ಇಲ್ಲದೆ. ಸುರಕ್ಷತೆಯ ನಾಲ್ಕು ನಿಯಮಗಳನ್ನು ಈಗಿನ ರೂಪಕ್ಕೆ ತಂದವರು ಅಮೆರಿಕದ ಜೆಫ್ ಕೂಪರ್. ಮೆರೈನ್ ಪಡೆಯಲ್ಲಿದ್ದವರು. ಎಲ್ಲ ಬಂದೂಕೂ ಸದಾ ತುಂಬಿದೆ ಅಂತಲೇ ತಿಳಿಯಬೇಕು. ಯಾವುದಕ್ಕೆ ಗುಂಡು ತಗುಲಬಾರದೋ ಅದರ ಕಡೆ ನಳಿಗೆ ತಿರುಗಬಾರದು. ಸೈಟು, ಅಂದರೆ ಬಂದೂಕಿನ ಮೇಲೆ ಗುರಿ ನೋಡಲು ಇರುವ ಸಾಧನ, ಗುರಿಯ ಮೇಲೆ ಬರುವವರೆಗೂ ಟ್ರಿಗರ್ ಮೇಲೆ ಬೆರಳು ಇಡಬಾರದು. ಗುರಿ ಯಾವುದು, ಅದರ ಹಿಂದೆ ಏನಿದೆ ಅಂತ ಖಾತ್ರಿ ಇರಬೇಕು. ಇಷ್ಟೇ.

ಮೊದಲನೆಯದಕ್ಕೇ ಇವರು ತಕರಾರು ತೆಗೆದರು. "ಖಾಲಿ ಇದೆ ಅಂತ ಕಣ್ಣಾರೆ ನೋಡಿದ ಮೇಲೂ ತುಂಬಿದೆ ಅಂದ್ಕೋಬೇಕಾ? ಇದ್ಯಾವ ಲಾಜಿಕ್?"

ಅಕೌಂಟ್ಸ್ ಮನುಷ್ಯ, ಲೆಕ್ಕ ಸರಿ ಹೋಗಬೇಕು. ನಾನು ಲಾಜಿಕ್ ಹೇಳಲಿಲ್ಲ. "ಖಾಲಿ ಅಂತ ನಂಬಿದ್ದ ಬಂದೂಕಿನಿಂದಲೇ ಜನ ಸಾಯೋದು ರೀ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮುಂದಿನದು ಹೇಳು ಅಂದರು.

ಅಭ್ಯಾಸಕ್ಕೆ ಮಡಚುವ ಕೊಡೆ ಕೊಟ್ಟೆ. ಅದನ್ನು ಹಿಡಿದು ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗಬೇಕು, ತುದಿ ಯಾರ ಕಡೆಗೂ ತಿರುಗಬಾರದು, ತೋರುಬೆರಳು ಹಿಡಿಕೆಯ ಪಕ್ಕದಲ್ಲಿ ನೇರವಾಗಿ ಚಾಚಿರಬೇಕು. ಕೇಳೋಕೆ ಮಕ್ಕಳಾಟ. ಮಾಡಿ ನೋಡಿದರೆ ಗೊತ್ತಾಗುತ್ತೆ. ಯಾರಾದರೂ ಕರೆದರೆ ಮನುಷ್ಯ ಇಡೀ ಮೈ ತಿರುಗಿಸಿ ನೋಡುತ್ತಾನೆ, ಕೈಯಲ್ಲಿರುವುದೂ ಜೊತೆಗೆ ತಿರುಗುತ್ತದೆ. ನಾನು ಬೇಕಂತಲೇ ಅಡುಗೆಮನೆಯಿಂದ ಕರೆಯುತ್ತಿದ್ದೆ. ಪ್ರತಿ ಸಲವೂ ಕೊಡೆ ನನ್ನ ಹೊಟ್ಟೆಯ ಕಡೆಗೇ. "ರೀ, ನಾನು ಹೋದೆ" ಅನ್ನುತ್ತಿದ್ದೆ. ಬೆರಳಂತೂ ತಾನಾಗಿಯೇ ಮಡಚಿಕೊಂಡುಬಿಡುತ್ತೆ. "ರೀ, ಬೆರಳು ಆಚೆ!" ಅಂದೂ ಅಂದೂ ನನ್ನ ಬಾಯಿ ನೋಯಿತು. ಆಮೇಲೆ ಟೀವಿ ರಿಮೋಟ್ ಹಿಡಿದಾಗಲೂ ಇವರ ಬೆರಳು ನೆಟ್ಟಗೆ ನಿಲ್ಲತೊಡಗಿತು. ಆಗ ರೇಂಜಿಗೆ ಕರೆದುಕೊಂಡು ಹೋದೆ.

ಮೊದಲು ಏರ್ ರೈಫಲ್. ಇವರಿಗೆ ನಿರಾಸೆ. "ಇದು ಜಾತ್ರೆಯಲ್ಲಿ ಬಲೂನ್ ಹೊಡೆಯೋದಲ್ವಾ?" 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದಿದ್ದು ಇದೇ 10 ಮೀಟರ್ ಏರ್ ರೈಫಲ್‌ನಲ್ಲಿ ಅಂದೆ. ಗುರಿಯ ಹಾಳೆಯನ್ನೂ ಕೈಗೆ ಕೊಟ್ಟೆ. ಅದರಲ್ಲಿ ಹತ್ತು ಅಂಕದ ಜಾಗ ಬರೀ ಅರ್ಧ ಮಿಲಿಮೀಟರ್ ಚುಕ್ಕಿ. ಹೊಡೆಯುವ ಪೆಲೆಟ್ಟೇ 4.5 ಮಿಲಿಮೀಟರ್ ದಪ್ಪ. ಚುಕ್ಕಿಯನ್ನು ಕನ್ನಡಕ ಸರಿಮಾಡಿಕೊಂಡು ನೋಡಿದರು. ಬಲೂನಿನ ಮಾತು ಅಲ್ಲಿಗೆ ಮುಗಿಯಿತು.

ಸದ್ದಿಲ್ಲ, ಒದೆತ ಇಲ್ಲ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ ಅನ್ನೋದು ನನ್ನ ಅಭಿಪ್ರಾಯ. ದೊಡ್ಡ ಬಂದೂಕನ್ನು ಮೊದಲೇ ಕೈಗೆ ಕೊಟ್ಟು, ಅದು ಒದ್ದಾಗ ನಗುವ ಗಂಡಂದಿರನ್ನು ನೋಡಿದ್ದೇನೆ. ಅವರ ಹೆಂಡತಿಯರು ಮತ್ತೆ ಆ ಕಡೆ ಬಂದಿದ್ದನ್ನು ನೋಡಿಲ್ಲ.

ಇವರು ರೈಫಲ್ ಬಲ ಭುಜಕ್ಕೆ ಒತ್ತಿಕೊಂಡರು. ಏನೋ ಸರಿ ಕಾಣಲಿಲ್ಲ. ಕೆನ್ನೆ ರೈಫಲ್ ಹಿಂಬದಿಯ ಮರದ ಹಿಡಿಯ ಮೇಲೆ ಕೂರುತ್ತಿಲ್ಲ, ಕತ್ತು ಸೊಟ್ಟಗಾಗಿದೆ. ಬಂದೂಕಿನ ಆ ಕಡೆಯಿಂದ ಯಾರನ್ನೋ ಇಣುಕಿ ನೋಡುವ ಹಾಗೆ ಮುಖ ಹೊರಳಿಸುತ್ತಿದ್ದಾರೆ. ರೈಫಲ್ ಕೆಳಗಿಡಿಸಿದೆ. ಎರಡೂ ಕೈ ಮುಂದೆ ಚಾಚಿ, ಅಂಗೈಗಳ ನಡುವೆ ಸಣ್ಣ ಕಿಂಡಿ ಮಾಡಿ, ಅದರಲ್ಲಿ ಗೋಡೆ ಗಡಿಯಾರ ನೋಡಿ ಅಂದೆ. ನೋಡಿದರು. ಈಗ ಎಡಗಣ್ಣು ಮುಚ್ಚಿ. "ಅರೆ, ಗಡಿಯಾರ ಹೋಯ್ತು!" ಬಲಗಣ್ಣು ಮುಚ್ಚಿ. "ಬಂತು."

ಅಲ್ಲಿಗೆ ಗೊತ್ತಾಯಿತು. ಕೈ ಬಲ, ಕಣ್ಣು ಎಡ. ಎರಡು ಕಣ್ಣೂ ತೆರೆದಿದ್ದಾಗ ಗುರಿಯ ವಿಷಯದಲ್ಲಿ ಮಿದುಳು ಒಂದರ ಮಾತನ್ನೇ ಜಾಸ್ತಿ ಕೇಳುತ್ತದೆ. ಬಲಗೈಯವರಿಗೆ ಅದು ಬಲಗಣ್ಣೇ ಆಗಿರಬೇಕು ಅಂತೇನಿಲ್ಲ. ಇದಕ್ಕೆ ದಾರಿ ಎರಡು. ಎಡ ಭುಜಕ್ಕೆ ಬಂದೂಕು ಇಟ್ಟು ಹೊಸದಾಗಿ ಕಲಿಯಬೇಕು, ಇಲ್ಲವೇ ಎಡಗಣ್ಣಿಗೆ ಅಡ್ಡ ಏನಾದರೂ ಇಡಬೇಕು. ಇವರ ರಕ್ಷಣಾ ಕನ್ನಡಕದ ಎಡ ಗಾಜಿಗೆ ಮಸುಕಾದ ಟೇಪ್ ಅಂಟಿಸಿದೆ. ಬೆಳಕು ಬರುತ್ತೆ, ಗುರಿ ಕಾಣಲ್ಲ. ಕಣ್ಣು ಕಿವುಚಿ ಮುಚ್ಚುವುದಕ್ಕಿಂತ ಇದು ವಾಸಿ. ಒಂದು ಕಣ್ಣು ಬಿಗಿಯಾಗಿ ಮುಚ್ಚಿಕೊಂಡರೆ ಮುಖವೆಲ್ಲ ಬಿಗಿಯಾಗುತ್ತದೆ, ಇನ್ನೊಂದು ಕಣ್ಣೂ ಬೇಗ ದಣಿಯುತ್ತದೆ. ಟೇಪ್ ಅಂಟಿಸಿದ ಕೂಡಲೇ ಕತ್ತು ನೆಟ್ಟಗಾಯಿತು.

ಏರ್ ರೈಫಲ್‌ನಲ್ಲಿ ಇವರಿಗೆ ಕಷ್ಟವಾಗಿದ್ದು ಹೊಡೆಯದೇ ಇಳಿಸುವುದು. ಉಸಿರು ಅರ್ಧ ಬಿಟ್ಟು ನಿಲ್ಲಿಸಬೇಕು. ಆ ಹೊತ್ತಿನಲ್ಲೇ ಟ್ರಿಗರ್ ಮೆಲ್ಲಗೆ ಒತ್ತಬೇಕು. ಎಂಟು ಹತ್ತು ಸೆಕೆಂಡ್ ದಾಟಿದರೆ ಕಣ್ಣು ಮಂಜಾಗಲು, ಕೈ ನಡುಗಲು ಶುರುವಾಗುತ್ತದೆ. ಆಗ ಬಂದೂಕು ಇಳಿಸಿ ಮತ್ತೆ ಮೊದಲಿಂದ ಶುರುಮಾಡಬೇಕು. ಇವರಿಗೆ ಅದು ಆಗದು. ಎತ್ತಿದ ಮೇಲೆ ಹೊಡೆಯಲೇಬೇಕು. ಮುಖ ಕೆಂಪಾಗಿ, ಉಸಿರು ಕಟ್ಟಿ, ಕೊನೆಗೆ ಟ್ರಿಗರ್ ಜಗ್ಗಿಬಿಡುತ್ತಿದ್ದರು. "ಇಳಿಸಿ" ಅಂದರೆ "ಇನ್ನೇನು ಆಯ್ತು" ಅನ್ನುವರು. ಮನೆಯಲ್ಲಿ ಚೀಟಿ ಬರೆದುಕೊಟ್ಟರೂ ನೋಡದೆ ಸಾಮಾನು ತರುವ ಮನುಷ್ಯ ಅಂತ ಬಾಯಿ ತುದಿಗೆ ಬಂದಿತ್ತು. ನುಂಗಿಕೊಂಡೆ.

ಗಂಡ ಹೆಂಡತಿ ನಡುವೆ ಕಲಿಸುವುದರ ತೊಂದರೆ ಇದೇ ಅಂತ ನನಗೆ ಅನ್ನಿಸುತ್ತದೆ. ಕೋಚ್ "ಇಳಿಸಿ" ಅಂದರೆ ಅದು ಬಂದೂಕಿನ ಮಾತು. ನಾನು ಅಂದರೆ ಅದರಲ್ಲಿ ಹಳೆಯ ಜಗಳಗಳೆಲ್ಲ ಕೇಳಿಸುತ್ತವೆ. ಹಾಗಾಗಿ ಮಾತು ಕಡಿಮೆ ಮಾಡಿದೆ. ಒಂದು ಸಲಕ್ಕೆ ಒಂದೇ ವಿಷಯ. ಉಳಿದ ತಪ್ಪು ಕಂಡರೂ ಕಾಣದ ಹಾಗೆ ಇದ್ದೆ. ಸುರಕ್ಷತೆಯ ತಪ್ಪಾದರೆ ಮಾತ್ರ ತಕ್ಷಣ ಜೋರಾಗಿ ಹೇಳುತ್ತಿದ್ದೆ, ಅಲ್ಲಿ ದಾಕ್ಷಿಣ್ಯ ಇಲ್ಲ.

ಏರ್ ರೈಫಲ್ ಕೈಗೆ ಕೂತ ಮೇಲೆ ಪಾಯಿಂಟ್ ಟೂ ಟೂ ರೈಫಲ್, ಅಂದರೆ 0.22 ಇಂಚಿನ ಸಣ್ಣ ಗುಂಡಿನದು. ಬೋಲ್ಟ್ ಆಕ್ಷನ್, ಪ್ರತಿ ಸಲ ಪಕ್ಕದ ಹಿಡಿ ಎಳೆದು ತಳ್ಳಬೇಕು, ಒಂದು ಸಲಕ್ಕೆ ಒಂದೇ ತೋಟಾ. ಕಡ್ಡಿಯಷ್ಟು ಸಣ್ಣ ತೋಟಾ ನೋಡಿ ಇವರಿಗೆ ಧೈರ್ಯ ಬಂತು. ಡಬ್ಬಿಯ ಮೇಲಿನ ಎಚ್ಚರಿಕೆ ಓದಿಸಿದೆ. ಗುಂಡು ಒಂದೂವರೆ ಮೈಲಿ ದೂರ ಹೋಗಬಲ್ಲದು ಅಂತ ಬರೆದಿತ್ತು. ನಾಲ್ಕನೇ ನಿಯಮ ಯಾಕೆ ಅಂತ ಆಮೇಲೆ ಕಾರಿನಲ್ಲಿ ಕೇಳಲಿಲ್ಲ.

ಒದೆತ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಆದರೂ ಗುಂಡುಗಳು ಹಾಳೆಯ ತುಂಬಾ ಚೆಲ್ಲಾಪಿಲ್ಲಿ, ಅದರಲ್ಲೂ ಕೆಳಗಡೆ ಜಾಸ್ತಿ. ಏರ್ ರೈಫಲ್‌ನಲ್ಲಿ ಒಂದು ಮುಷ್ಟಿಯೊಳಗೆ ಹಾಕುತ್ತಿದ್ದ ಮನುಷ್ಯ. "ಈ ರೈಫಲ್ ಸೈಟ್ ಸರಿ ಇಲ್ಲ" ಅಂದರು. ನಾನು ತೆಗೆದುಕೊಂಡು ಹೊಡೆದೆ. ಸೈಟ್ ಸರಿಯಾಗಿಯೇ ಇತ್ತು. ಅದನ್ನು ಬಾಯಿಬಿಟ್ಟು ಹೇಳುವ ಅಗತ್ಯ ಬೀಳಲಿಲ್ಲ.

ಆಗುತ್ತಿದ್ದುದು ಏನು ಅಂತ ಪಕ್ಕದಿಂದ ನೋಡಿದರೆ ಸ್ಪಷ್ಟ. ಸದ್ದು ಬರುವ ಮೊದಲೇ ಇವರು ಬೆಚ್ಚುತ್ತಿದ್ದರು. ರೆಪ್ಪೆ ಮುಚ್ಚುತ್ತದೆ, ಭುಜ ಮುಂದಕ್ಕೆ ತಳ್ಳುತ್ತದೆ, ಆಮೇಲೆ ಗುಂಡು ಹಾರುತ್ತದೆ. ಎಲ್ಲ ಕಣ್ಣು ಮಿಟುಕಿಸುವುದರೊಳಗೆ. ಗುಂಡು ನಳಿಗೆಯಿಂದ ಹೊರಬೀಳಲು ಬೇಕಾಗುವುದು ಕೆಲವೇ ಮಿಲಿಸೆಕೆಂಡ್. ಅದಾದ ಮೇಲೆ ಬೆಚ್ಚಿದರೆ ಗುರಿಗೆ ಏನೂ ಆಗಲ್ಲ. ಮುಂಚೆಯೇ ಬೆಚ್ಚಿದರೆ ಕೆಟ್ಟಿತು.

ಇದನ್ನು ಹೇಳಿದೆ. "ನಾನೆಲ್ಲಿ ಬೆಚ್ಚಿದೆ?" ಅಂದರು. ಸುಳ್ಳು ಹೇಳುತ್ತಿರಲಿಲ್ಲ. ಬೆಚ್ಚುವವರಿಗೆ ಅದು ಗೊತ್ತಾಗುವುದಿಲ್ಲ, ಏಕೆಂದರೆ ಸದ್ದು ಒದೆತ ಎಲ್ಲವನ್ನೂ ಮುಚ್ಚಿಹಾಕುತ್ತದೆ.

ಮೊದಲು ಕಿವಿ ನೋಡಿದೆ. ಇವರು ಕಿವಿಯ ಮೇಲೆ ಮುಚ್ಚುವ ಮಫ್ ಮಾತ್ರ ಹಾಕಿದ್ದರು, ಅದೂ ಕನ್ನಡಕದ ಕಡ್ಡಿಯಿಂದ ಒಂದು ಕಡೆ ಸಂದು ಬಿಟ್ಟಿತ್ತು. ಪಕ್ಕದ ಲೇನಿನಲ್ಲಿ ಯಾರೋ ದೊಡ್ಡ ಪಿಸ್ತೂಲು ಹೊಡೆಯುತ್ತಿದ್ದರು. ಸಣ್ಣ ಪಾಯಿಂಟ್ ಟೂ ಟೂ ಕೂಡ 140 ಡೆಸಿಬಲ್ ಆಸುಪಾಸು ಸದ್ದು ಮಾಡುತ್ತದೆ, ದೊಡ್ಡವು ಇನ್ನೂ ಮೇಲೆ. ಮೈ ಬೆಚ್ಚದೆ ಇನ್ನೇನು ಮಾಡೀತು? ಕಿವಿಯೊಳಗೆ ಫೋಮ್ ಪ್ಲಗ್ ಹಾಕಿಸಿ, ಮೇಲೆ ಮಫ್ ಹಾಕಿಸಿದೆ. ಎರಡೂ ಸೇರಿದರೆ ರಕ್ಷಣೆ ದುಪ್ಪಟ್ಟಾಗುವುದಿಲ್ಲ, ಸುಮಾರು ಐದು ಡೆಸಿಬಲ್ ಜಾಸ್ತಿ ಸಿಗುತ್ತದೆ. ಆದರೆ ಆ ಐದು ಡೆಸಿಬಲ್‌ಗೆ ಇವರ ಭುಜ ಕಣ್ಣಿಗೆ ಕಾಣುವಷ್ಟು ಸಡಿಲವಾಯಿತು.

ಆಮೇಲೆ ಹಳೆಯ ಉಪಾಯ. ಇನ್ನು ಮೇಲೆ ತೋಟಾ ನಾನೇ ಹಾಕಿಕೊಡ್ತೀನಿ, ನೀವು ಆ ಕಡೆ ನೋಡಿ ಅಂದೆ. ಕೆಲವು ಸಲ ನಿಜವಾದ ತೋಟಾ, ಕೆಲವು ಸಲ ಪ್ಲಾಸ್ಟಿಕ್ ಡಮ್ಮಿ. ಚೇಂಬರ್, ಅಂದರೆ ತೋಟಾ ಕೂರುವ ಜಾಗ, ಖಾಲಿ ಇಟ್ಟು ಟ್ರಿಗರ್ ಒತ್ತಿಸಬಹುದಿತ್ತಲ್ವಾ ಅಂತ ಕೇಳಬಹುದು. ಪಾಯಿಂಟ್ ಟೂ ಟೂ ತೋಟಾವನ್ನು ಸಿಡಿಸುವ ಪಿನ್ ಹೊಡೆಯುವುದು ಅದರ ಅಂಚಿನ ಮೇಲೆ. ತೋಟಾ ಇಲ್ಲದಿದ್ದರೆ ಕೆಲವು ಬಂದೂಕುಗಳಲ್ಲಿ ಪಿನ್ನು ಚೇಂಬರಿನ ಅಂಚಿಗೇ ಬಡಿದು ಹಾಳು ಮಾಡುತ್ತದೆ. ಅದಕ್ಕೇ ಡಮ್ಮಿ.

ಮೊದಲ ಡಮ್ಮಿಗೆ "ಟಕ್" ಅಂತ ಸಣ್ಣ ಸದ್ದು ಬಂತು. ಗುಂಡಿಲ್ಲ, ಹೊಗೆಯಿಲ್ಲ. ಆದರೆ ನಳಿಗೆಯ ತುದಿ ಒಂದು ಅಡಿ ಕೆಳಕ್ಕೆ ಮುಗ್ಗರಿಸಿತು. ಭುಜ ಮುಂದೆ ಹೋಗಿ ನಿಂತಿತ್ತು. ಇವರು ತಲೆ ಎತ್ತಿ ನಳಿಗೆ ನೋಡಿದರು, ನನ್ನನ್ನು ನೋಡಿದರು. ಆಮೇಲೆ ಜೋರಾಗಿ ನಗಲು ಶುರುಮಾಡಿದರು. ನಕ್ಕು ನಕ್ಕು ಮಫ್ ಜಾರಿತು. ಆಗಲೂ ಬೆರಳು ಆಚೆಯೇ ಇತ್ತು. ಅದನ್ನು ನಾನು ಮರೆಯದೆ ಗಮನಿಸಿದೆ.

ನಾನು ಎಷ್ಟು ಹೇಳಿದ್ದರೂ ಆಗದ ಕೆಲಸ ಆ ಪ್ಲಾಸ್ಟಿಕ್ ತುಂಡು ಮಾಡಿತು. ಅಲ್ಲಿಂದ ಮುಂದೆ ನಾನು ಬರೀ ತೋಟಾ ಹಾಕುವವಳು. ಡಮ್ಮಿಗೂ ನಳಿಗೆ ಅಲುಗದ ಹಾಗೆ ಒತ್ತುವುದು ಇವರ ಹಟವಾಯಿತು. ಯಾವುದು ಬರುತ್ತೆ ಅಂತ ಗೊತ್ತಿಲ್ಲದಿದ್ದಾಗ ಮೈ ಸದ್ದಿಗಾಗಿ ಕಾಯುವುದನ್ನು ನಿಧಾನಕ್ಕೆ ಬಿಡುತ್ತದೆ. ನಿಜವಾದ ಗುಂಡು ಹಾರಿದಾಗ ಇವರಿಗೇ ಆಶ್ಚರ್ಯ ಆಗುತ್ತಿತ್ತು. ಟ್ರಿಗರ್ ಒತ್ತುವುದು ಹಾಗೇ ಇರಬೇಕು. ಹಾಳೆಯ ಮೇಲಿನ ತೂತುಗಳು ಒಂದರ ಹತ್ತಿರ ಒಂದು ಬರತೊಡಗಿದವು. ಹತ್ತರ ಒಳಗೆ ಬಿದ್ದಿದ್ದು ಕಡಿಮೆಯೇ, ಆದರೆ ಗುಂಪಾಗಿ ಬಿದ್ದವು. ಗುಂಪು ಬಂದರೆ ಅದನ್ನು ಜರುಗಿಸುವುದು ಸೈಟಿನ ಕೆಲಸ.

ಒಂದು ಸಲ ಗಾಬರಿಯೂ ಆಯಿತು. ಪಕ್ಕದ ಲೇನಿನಿಂದ ಹೊಡೆದ ತೋಟಾದ ಬಿಸಿ ಖಾಲಿ ಚಿಪ್ಪು ಹಾರಿ ಇವರ ಅಂಗಿ ಕಾಲರಿನೊಳಗೆ ಬಿತ್ತು. ಇಂಥ ಹೊತ್ತಿನಲ್ಲೇ ಜನ ಬಂದೂಕು ಹಿಡಿದುಕೊಂಡು ಗಿರ್ರನೆ ತಿರುಗುವುದು, ಅದೇ ಅಪಾಯ. ಇವರು "ಅಯ್ಯಯ್ಯೋ" ಅಂತ ಕುಣಿಯುತ್ತಲೇ ರೈಫಲನ್ನು ಗುರಿಯ ಕಡೆಗೇ ಹಿಡಿದು, ಬೆಂಚಿನ ಮೇಲೆ ಇಟ್ಟು, ಆಮೇಲೆ ಅಂಗಿ ಕಿತ್ತರು. ಕತ್ತಿನ ಹತ್ತಿರ ಸಣ್ಣ ಕೆಂಪು ಗುರುತು. ಕೊಡೆಯ ಪಾಠಕ್ಕೆ ಬೆಲೆ ಬಂತು. ರೇಂಜ್ ಆಫೀಸರ್ ದೂರದಿಂದಲೇ ಹೆಬ್ಬೆರಳು ಎತ್ತಿದರು. ನಾನು ಹೊಗಳಿದ್ದಕ್ಕಿಂತ ಅದೇ ಇವರಿಗೆ ಜಾಸ್ತಿ ಖುಷಿ ಕೊಟ್ಟಿತು. ಹೋಗಲಿ ಬಿಡಿ.

ಮುಗಿದ ಮೇಲೆ ಕೈ ತೊಳೆಸಿದೆ, ತಣ್ಣೀರು ಮತ್ತು ಸೋಪಿನಲ್ಲಿ. ಗುಂಡಿನ ಸೀಸ ಕೈಗೆ ಮೆತ್ತಿರುತ್ತದೆ, ತೊಳೆಯದೆ ಏನೂ ತಿನ್ನಬಾರದು, ಮುಖ ಮುಟ್ಟಬಾರದು.

ಕೋಚ್ ಈಗ ಎಡ ಭುಜಕ್ಕೆ ಬದಲಾಯಿಸಿ ಅನ್ನುತ್ತಿದ್ದಾರೆ. ಮುಂದೆ ಹೋದಂತೆ ಅದೇ ಒಳ್ಳೆಯದಂತೆ. ನನಗೆ ಒಪ್ಪಿಗೆಯಿಲ್ಲ. ಬೋಲ್ಟಿನ ಹಿಡಿ ಬಲಗಡೆ ಇದೆ, ಪ್ರತಿ ಸಲ ಅಡ್ಡ ಕೈ ಹಾಕಬೇಕಾಗುತ್ತದೆ. ಇದರ ಬಗ್ಗೆ ಕಾರಿನಲ್ಲಿ ಸಾಕಷ್ಟು ವಾದ ಆಗಿದೆ, ಇವರು ಕೋಚ್ ಕಡೆ. ಸದ್ಯಕ್ಕೆ ಟೇಪ್ ಹಾಗೇ ಇದೆ. ಪಿಸ್ತೂಲು ಯಾವಾಗ ಅಂತಲೂ ಕೇಳುತ್ತಿದ್ದಾರೆ. ಅದರಲ್ಲಿ ಸೈಟುಗಳ ನಡುವಿನ ಅಂತರ ಚಿಕ್ಕದು, ಸಣ್ಣ ತಪ್ಪೂ ಹಾಳೆಯಲ್ಲಿ ದೊಡ್ಡದಾಗಿ ಕಾಣುತ್ತದೆ. ಮೊದಲು ರೈಫಲಿನ ಬೋಲ್ಟ್ ತೆಗೆದು ನಳಿಗೆ ಒರೆಸುವುದು ಕಲೀರಿ, ಇಷ್ಟು ದಿನ ಆ ಕೆಲಸ ನನ್ನೊಬ್ಬಳ ತಲೆಗೇ ಕಟ್ಟಿದ್ದೀರಿ ಅಂದಿದ್ದೇನೆ.