ಹುಣಸೆ ಮರ, ಬಣ್ಣದ ಪುಡಿ ಮತ್ತು ಹತ್ತು ಗಂಟೆಗೆ ಬಂದ ಲಾರಿ

ಸ್ಟಾಂಪ್ ಕಾಂಕ್ರೀಟ್ ಅಂದರೆ ಹಸಿ ಕಾಂಕ್ರೀಟಿನ ಮೇಲೆ ಕಲ್ಲು ಹಾಸಿದ ಹಾಗೆ ಕಾಣುವ ಅಚ್ಚು ಒತ್ತುವ ಕೆಲಸ, ಅಷ್ಟೇ ಅಂತ ಜನ ಅಂದುಕೊಂಡಿದ್ದಾರೆ. ಒತ್ತೋದು ಯಾರು ಬೇಕಾದರೂ ಒತ್ತುತ್ತಾರೆ. ಯಾವಾಗ ಒತ್ತಬೇಕು, ಅದಕ್ಕೂ ಮೊದಲು ಕಲರ್ ಹಾರ್ಡನರ್, ಅಂದರೆ ಮೇಲ್ಮೈಗೆ ಬಣ್ಣ ಕೊಟ್ಟು ಗಟ್ಟಿ ಮಾಡುವ ಪುಡಿ, ಯಾವಾಗ ಎರಚಬೇಕು, ತಲೆನೋವೆಲ್ಲ ಅಲ್ಲೇ ಇರೋದು. ಚಿಕ್ಕಬಳ್ಳಾಪುರದಿಂದ ನಂದಿ ಕಡೆ ಹೋಗುವಾಗ ಒಂದು ತೋಟದ ಮನೆಯ ಡ್ರೈವ್‌ವೇ ಮಾಡಿದ್ದೆವು. ಈಗಲೂ ನಮ್ಮ ಹುಡುಗರು ಒಬ್ಬರಿಗೊಬ್ಬರು ಬೈಯುವಾಗ ಆ ಸೈಟಿನ ಹೆಸರೇ ಬರುತ್ತೆ.

ಮಾರ್ಚ್ ತಿಂಗಳು, ಒಣ ಗಾಳಿ. ಬೆಳಗ್ಗೆ ಆರಕ್ಕೆ ರೆಡಿಮಿಕ್ಸ್ ಬೇಕು ಅಂತ ಹಿಂದಿನ ದಿನವೇ ಹೇಳಿದ್ದೆ. ಆಫೀಸಿನವರು ಮೊದಲು ಇನ್ನೊಂದು ಸೈಟಿಗೆ ಕಳಿಸಿ, ನಮಗೆ ಹತ್ತು ಗಂಟೆಗೆ ಲಾರಿ ಮುಟ್ಟಿಸಿದರು. ಇಳಿದವನೇ ಡ್ರೈವರ್, 'ಮಾಲು ಗಟ್ಟಿ ಇದೆ, ಸ್ವಲ್ಪ ನೀರು ಬಿಡ್ಲಾ ಸಾರ್?' ಅಂದ. ಬಿಡಲಿಲ್ಲ. ಒಂದು ಲಾರಿಗೆ ನೀರು ಜಾಸ್ತಿಯಾದರೆ ಅದರ ಬಣ್ಣವೇ ಬೇರೆ, ಮುಂದಿನ ಲಾರಿಯದೇ ಬೇರೆ.

ಲಾರಿ ಹಿಂದೆ ಸರಿಯುತ್ತಾ ಬರಬೇಕಲ್ವಾ, ಅದಕ್ಕೆ ಮನೆ ಕಡೆಯಿಂದ ಹಾಕಿಕೊಂಡು ಗೇಟಿನ ಕಡೆ ಬಂದೆವು. ಮನೆ ಕಡೆ ದೊಡ್ಡ ಹುಣಸೆ ಮರ, ದಟ್ಟ ನೆರಳು. ಗೇಟಿನ ಕಡೆ ಬಟಾಬಯಲು. ಉದ್ದ ಹಿಡಿಯ ಬುಲ್ ಫ್ಲೋಟ್ ಎಳೆದು ಮಟ್ಟ ಮಾಡಿದ ಮೇಲೆ ನಾನು ಮನೆ ಕಡೆಯೇ ನಿಂತು ಬ್ಲೀಡಿಂಗ್ ನೀರು, ಅಂದರೆ ಕಾಂಕ್ರೀಟಿನೊಳಗಿಂದ ಮೇಲಕ್ಕೆ ಬರುವ ನೀರು, ಆರೋದನ್ನ ಕಾಯುತ್ತಿದ್ದೆ. ಮೊದಲು ಹಾಕಿದ್ದು ಮೊದಲು ಸೆಟ್ ಆಗುತ್ತೆ ಅನ್ನೋದು ನನ್ನ ಲೆಕ್ಕ. ಅಲ್ಲಿ ನೋಡಿದರೆ ನೀರು ಇನ್ನೂ ಪಳಪಳ ಅಂತಿದೆ. ಆ ನೀರಿನ ಮೇಲೆ ಪುಡಿ ಎರಚಿದರೆ ಕೆಸರಾಗುತ್ತೆ, ಆಮೇಲೆ ಪದರ ಏಳುತ್ತೆ. ಸುಮ್ನೆ ಕಾಯೋದೇ ಸರಿ ಅಂತ ಬೀಡಿ ಹಚ್ಚಿದವರಿಗೂ ಏನೂ ಅನ್ನಲಿಲ್ಲ.

ಅಷ್ಟರಲ್ಲಿ ಮೇಸ್ತ್ರಿ ಗೇಟಿನ ಹತ್ತಿರ ಕೂತು ಹೆಬ್ಬೆರಳು ಒತ್ತಿ ನೋಡಿ, 'ಅಣ್ಣಾ, ಇಲ್ಲಿ ಬೆರಳೇ ಇಳೀತಿಲ್ಲ' ಅಂತ ಕೂಗಿದ. ಅಚ್ಚು ಒತ್ತುವ ಹೊತ್ತಿಗೆ ಹೆಬ್ಬೆರಳು ಕಾಲು ಇಂಚಾದರೂ ಇಳಿಯಬೇಕು. ಇಲ್ಲಿ ನಾವಿನ್ನೂ ಬಣ್ಣವನ್ನೇ ಎರಚಿಲ್ಲ. ಬಿಸಿಲಿಗೂ ಗಾಳಿಗೂ ಮೇಲೆ ಹಾಲಿನ ಕೆನೆ ಹಾಗೆ ಪದರ ಕಟ್ಟಿತ್ತು, ಒಳಗೆ ಮಾಲು ಇನ್ನೂ ಮೆತ್ತಗೆ.

ಬಕೆಟ್ ಎತ್ತಿಕೊಂಡು ಓಡಿದೆವು. ಪುಡಿಯನ್ನ ಸೊಂಟಕ್ಕಿಂತ ಕೆಳಗಿಂದ ಕೈ ಬೀಸಿ ಎರಚಬೇಕು, ಮೂರರಲ್ಲಿ ಎರಡು ಪಾಲು ಮೊದಲ ಸಲ, ಫ್ಲೋಟ್ ಹೊಡೆದ ಮೇಲೆ ಉಳಿದದ್ದು. ಚದರ ಮೀಟರಿಗೆ ಸುಮಾರು 3 ಕೆಜಿ. ಎಲ್ಲರಿಗೂ ಗೊತ್ತು. ಅವತ್ತು ಯಾರೂ ಹಾಗೆ ಮಾಡಲಿಲ್ಲ, ಅರ್ಧ ಪುಡಿ ಗಾಳಿಗೆ ಹಾರಿ ಓನರ್ ಬಿಳಿ ಕಾಂಪೌಂಡ್ ಗೋಡೆಗೆ ಹತ್ತಿತು. ಸರಿಯಾದ ಹೊತ್ತಲ್ಲಿ ಬಿದ್ದರೆ ಪುಡಿ ಕೆಳಗಿಂದ ತೇವ ಎಳೆದುಕೊಂಡು, ಚುಕ್ಕೆ ಚುಕ್ಕೆಯಾಗಿ ಕಪ್ಪಾಗುತ್ತಾ, ಒಂದೆರಡು ನಿಮಿಷದಲ್ಲಿ ಇಡೀ ಹಾಸು ಒಂದೇ ಬಣ್ಣಕ್ಕೆ ಬರುತ್ತೆ. ಇಲ್ಲಿ ಒಣ ಪುಡಿ ಒಣ ಪುಡಿಯಾಗೇ ಕೂತಿತ್ತು. ಮರದ ಫ್ಲೋಟ್ ಉಜ್ಜಿದರೆ ಅದರ ಹಿಂದೆಯೇ ಧೂಳು ಏಳುತ್ತಿತ್ತು.

ಆಗ ಒಬ್ಬ ಹಳೇ ಗಾರೆಯವರು ಮಗ್ಗಿನಲ್ಲಿ ನೀರು ತಂದು ಚಿಮುಕಿಸಿದರು. ರೆಡ್ ಆಕ್ಸೈಡ್ ನೆಲ ಮಾಡಿ ಪಳಗಿದ ಕೈ, ನೀರು ಚಿಮುಕಿಸಿ ಕರಣೆ ಎಳೆಯೋದು ಅವರಿಗೆ ಅಭ್ಯಾಸ. ಪುಡಿ ತಕ್ಷಣ ಚೆನ್ನಾಗಿ ಕಪ್ಪಾಯಿತು. ನಾನು ತಡೆಯಬೇಕಿತ್ತು. ತಡೆಯೋದಿರಲಿ, 'ಇನ್ನೊಂಚೂರು ಈ ಕಡೆ' ಅಂದೆ. ಅಚ್ಚು ಅಂಟದಿರಲಿ ಅಂತ ರಿಲೀಸ್ ಪೌಡರ್ ಎರಚಿ, ಅಚ್ಚಿನ ಮ್ಯಾಟ್ ಹಾಕಿ, ದಿಮ್ಮಸು ಹಿಡಿದು ಕುಟ್ಟಿದರೂ ಗೇಟಿನ ಕಡೆ ಕಲ್ಲಿನ ಗೆರೆ ಅರ್ಧಂಬರ್ಧ ಮೂಡಿತು. ನೆರಳಿನ ಕಡೆ ಸಾವಕಾಶವಾಗಿ ಮಾಡಿದ್ದು ಕ್ಯಾಟಲಾಗಿನ ಫೋಟೋ ಹಾಗೇ ಬಂತು, ಅದೇ ಹೊಟ್ಟೆ ಉರಿಸೋದು.

ರಿಲೀಸ್ ತೊಳೆದ ಮೇಲೆ ನೋಡಿದರೆ ಮಗ್ಗಿನ ನೀರು ಬಿದ್ದ ಕಡೆಯೆಲ್ಲ ಬೆಳ್ಳಗೆ. ಮೇಲಿನ ಪದರಕ್ಕೆ ನೀರು ಜಾಸ್ತಿಯಾದರೆ ಅಲ್ಲಿ ಸಿಮೆಂಟಿಗೆ ಶಕ್ತಿ ಇರಲ್ಲ. ಕಾರು ಓಡಾಡಲು ಶುರುವಾದ ಮೇಲೆ ಉಗುರಿನಷ್ಟು ಉಗುರಿನಷ್ಟು ಸಿಪ್ಪೆ ಏಳತೊಡಗಿತು. ಸಾಲದು ಅಂತ ಕ್ಯೂರಿಂಗಿಗೆ ಯಾರೋ ಹಸಿ ಗೋಣಿಚೀಲ ಹಾಸಿದ್ದರು, ಅದರ ನೆರಿಗೆಯ ಗುರುತೂ ಬಿತ್ತು. ಬಣ್ಣದ ಕೆಲಸಕ್ಕೆ ಗೋಣಿಚೀಲ, ಪ್ಲಾಸ್ಟಿಕ್ ಎರಡೂ ಆಗಲ್ಲ, ತೇವ ಆರದಂತೆ ಮೇಲೆ ಹೊಡೆಯುವ ಕ್ಯೂರಿಂಗ್ ಕಾಂಪೌಂಡ್ ಕೊಡಿ ಅಂತ ಸ್ಟೋರಿಗೆ ಎಷ್ಟು ಸಲ ಬರೆದಿದ್ದೀನೋ.

ಸಡಿಲವಾದದ್ದನ್ನ ಗ್ರೈಂಡ್ ಮಾಡಿ, ಬಣ್ಣ ಹೊಂದಿಸೋಕೆ ಸ್ಟೇನ್ ಹೊಡೆದು, ಮೇಲೆ ಸೀಲರ್ ಕೊಟ್ಟೆವು. ಸಂಜೆ ಬೆಳಕಲ್ಲಿ ಹೊಂದುತ್ತೆ, ಮಧ್ಯಾಹ್ನ ಹೊಂದಲ್ಲ. ಓನರ್ ಬಿಲ್ಲಿನಲ್ಲಿ ಕಡಿತ ಮಾಡಿದರು, ನಾನು ಜಗಳ ಆಡಲಿಲ್ಲ.

ಈಗ ಇಬ್ಬರನ್ನ ಬಿಸಿಲಿನ ತುದಿಗೆ ಮೊದಲೇ ನಿಲ್ಲಿಸುತ್ತೇನೆ, ಅವರಿಗೆ ಬೆರಳು ಒತ್ತಿ ನೋಡೋದು ಬಿಟ್ಟು ಬೇರೆ ಕೆಲಸ ಕೊಡಲ್ಲ. ಸ್ಲ್ಯಾಬಿನ ಹತ್ತಿರ ಮಗ್ಗು ಕಂಡರೆ ಎತ್ತಿಡುತ್ತೇನೆ. ಹಸಿರು ನೆರಳು ಬಲೆ ಕೇಳಿದ್ದಕ್ಕೆ ಆಫೀಸಿನವರು ಮೂರು ಕೊಟೇಶನ್ ತನ್ನಿ ಅಂದರು, ತಂದುಕೊಟ್ಟೆ. ಈಗ ನಾಲ್ಕನೆಯದು ಕೇಳುತ್ತಿದ್ದಾರೆ. ಲಾರಿ ಇನ್ನೂ ಹತ್ತಕ್ಕೇ ಬರುತ್ತಿದೆ.