ಎಂ.ಎಸ್ಸಿ. ನರ್ಸಿಂಗ್: ವಾರ್ಡು ಬಿಟ್ಟು ಓದಿದ ಎರಡು ವರ್ಷ

ಎಂ.ಎಸ್ಸಿ. ಮುಗಿಸಿ ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳುವ ಟ್ಯೂಟರ್ ಆಗಿ ಸೇರಿದ ಮೊದಲ ತಿಂಗಳು ನನ್ನ ಖಾತೆಗೆ ಬಂದ ಸಂಬಳ, ಎರಡು ವರ್ಷ ಮೊದಲು ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಆಗಿದ್ದಾಗ ನೈಟ್ ಡ್ಯೂಟಿಯ ಭತ್ಯೆಯೂ ಸೇರಿ ಬರುತ್ತಿದ್ದ ಸಂಬಳಕ್ಕಿಂತ ಕಡಿಮೆಯಿತ್ತು. ಈ ವಿಷಯವನ್ನು ಮೊದಲಿಗೇ ಹೇಳಿಬಿಡುತ್ತೇನೆ. ದಾವಣಗೆರೆಯ ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ಕಿರಿಯ ನರ್ಸುಗಳು ನನ್ನನ್ನು ಕೇಳುವ ಮೊದಲ ಪ್ರಶ್ನೆ ಓದಿದರೆ ಸಂಬಳ ಏರುತ್ತದೆಯೇ ಎಂಬುದೇ ಆಗಿರುತ್ತದೆ, ಮತ್ತು ನನಗೆ ಸೇರುವ ಮೊದಲು ಯಾರೂ ಇದನ್ನು ಹೇಳಿರಲಿಲ್ಲ. ಹಾಗೆಂದು ಓದಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಆದರೆ ಆ ಓದು ಏನನ್ನು ಕೊಟ್ಟಿತು, ಏನನ್ನು ಕೊಡಲಿಲ್ಲ ಎಂಬುದನ್ನು ಬೇರೆ ಬೇರೆಯಾಗಿಯೇ ಬರೆಯಬೇಕಾಗುತ್ತದೆ.

ನಾನು ಜಿ.ಎನ್.ಎಂ. ಎಂಬ ನರ್ಸಿಂಗ್ ಡಿಪ್ಲೊಮಾ ಓದುವಾಗ ಅದು ಮೂರೂವರೆ ವರ್ಷದ ಕೋರ್ಸಾಗಿತ್ತು. ಅದಾದ ಮೇಲೆ ಮೂರು ವರ್ಷ ವಾರ್ಡಿನ ಕೆಲಸ, ಆಮೇಲೆ ಎರಡು ವರ್ಷ, ಡಿಪ್ಲೊಮಾ ಮುಗಿಸಿದವರು ಪದವಿ ಪಡೆಯುವ ಪೋಸ್ಟ್ ಬೇಸಿಕ್ ಬಿ.ಎಸ್ಸಿ., ಮತ್ತೆ ಪುರುಷರ ಮೆಡಿಸಿನ್ ವಾರ್ಡಿನಲ್ಲಿ ಮೂರು ವರ್ಷ. ಆ ವಾರ್ಡಿನಲ್ಲಿ ಲಕ್ವ ಹೊಡೆದು ಬಂದವರೇ ಹೆಚ್ಚು. ಜಗಳೂರಿನ ಕಡೆಯ ಒಬ್ಬ ಹಿರಿಯರು ಹನ್ನೆರಡನೆಯ ದಿನ ಮನೆಗೆ ಹೊರಟಾಗ ಬೆನ್ನಿನ ಕೆಳಗೆ, ಬಾಲಮೂಳೆಯ ಮೇಲೆ, ಅಂಗೈಯಗಲದ ಹುಣ್ಣು ಇತ್ತು. ಬರುವಾಗ ಅದು ಇರಲಿಲ್ಲ. ಡ್ರೆಸ್ಸಿಂಗ್ ಮಾಡುತ್ತಿದ್ದಾಗ ಅವರ ಮಗಳು, "ಸಿಸ್ಟರ್, ಇಲ್ಲಿಗೆ ಬಂದಮೇಲೆ ಆಯ್ತಲ್ಲ ಇದು, ಯಾಕೆ?" ಎಂದು ಬಹಳ ಮೆಲ್ಲಗೆ ಕೇಳಿದಳು. ಆ ದನಿಯಲ್ಲಿ ಆರೋಪವಿರಲಿಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂಬ ಪಾಠ ನನಗೆ ಬಾಯಿಪಾಠವಾಗಿತ್ತು. ಆದರೆ ಇಡೀ ವಾರ್ಡಿಗೆ ಇಬ್ಬರೇ ನರ್ಸುಗಳಿರುವ ರಾತ್ರಿಯಲ್ಲಿ ಯಾರನ್ನು ಮೊದಲು ಮಗ್ಗುಲಾಗಿಸಬೇಕು, ಯಾರಿಗೆ ಹುಣ್ಣಾಗುವ ಅಪಾಯ ಹೆಚ್ಚೆಂದು ಹೇಗೆ ತಿಳಿಯಬೇಕು ಎಂಬುದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಅದಕ್ಕೆ ಬ್ರೇಡನ್ ಸ್ಕೇಲ್ ಎಂಬ ಅಳತೆಗೋಲು 1987ರಿಂದಲೇ ಇದೆ. ಸ್ಪರ್ಶಪ್ರಜ್ಞೆ, ಚರ್ಮದ ತೇವ, ಓಡಾಟ, ಹೊರಳುವ ಶಕ್ತಿ, ಆಹಾರ, ಚರ್ಮದ ಉಜ್ಜಾಟ ಎಂಬ ಆರು ಅಂಶಗಳಿಗೆ ಅಂಕ ಕೊಟ್ಟು ಕೂಡಿಸಿದರೆ 6ರಿಂದ 23ರ ನಡುವೆ ಒಂದು ಸಂಖ್ಯೆ ಬರುತ್ತದೆ. ಅದು 18 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ರೋಗಿಗೆ ಅಪಾಯವಿದೆ ಎಂದರ್ಥ. ಎರಡು ನಿಮಿಷದ ಕೆಲಸ. ಇದನ್ನು ನಾನು ಕೈಯಾರೆ ಮಾಡಿ ಕಲಿತದ್ದು ಎಂ.ಎಸ್ಸಿ. ಮೊದಲ ವರ್ಷದಲ್ಲಿ, ಆರು ವರ್ಷ ಹಾಸಿಗೆಗಳ ನಡುವೆ ಓಡಾಡಿದ ಮೇಲೆ.

ಸೇರುವ ಅರ್ಹತೆ ದೊಡ್ಡ ರಹಸ್ಯವೇನಲ್ಲ. ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ನರ್ಸ್ ಮತ್ತು ಮಿಡ್‌ವೈಫ್ ಆಗಿ ನೋಂದಣಿ, ಬಿ.ಎಸ್ಸಿ. ಅಥವಾ ಪೋಸ್ಟ್ ಬೇಸಿಕ್‌ನಲ್ಲಿ ಒಟ್ಟು ಶೇಕಡಾ 55 ಅಂಕ, ಪರಿಶಿಷ್ಟರಿಗೆ ಅದರಲ್ಲಿ ಶೇಕಡಾ 5ರ ರಿಯಾಯಿತಿ, ಒಂದು ವರ್ಷದ ಕೆಲಸದ ಅನುಭವ. ಪೋಸ್ಟ್ ಬೇಸಿಕ್ ಓದಿದವರಿಗೆ ಆ ಅನುಭವ ಕೋರ್ಸಿಗೆ ಮೊದಲಿನದಾದರೂ ನಡೆಯುತ್ತದೆ. ಇವುಗಳಲ್ಲಿ ನನ್ನನ್ನು ಕಾಡಿದ್ದು ಅನುಭವದ ಪ್ರಮಾಣಪತ್ರ ಒಂದೇ. ಆರು ವರ್ಷ ದುಡಿದವಳಿಗೆ ಒಂದು ಹಾಳೆ ಬರೆದುಕೊಡಲು ಆಡಳಿತ ಕಚೇರಿ ಮೂರು ವಾರ ಅಲೆಸಿತು, ಏಕೆಂದರೆ ಆ ಹಾಳೆ ಕೊಟ್ಟರೆ ನಾನು ಹೋಗುತ್ತೇನೆಂದು ಅವರಿಗೆ ಗೊತ್ತಿತ್ತು. ಕೆಲಸದಲ್ಲಿರುವಾಗಲೇ, ಯಾವ ಅಗತ್ಯವೂ ಇಲ್ಲದಾಗ, ವರ್ಷಕ್ಕೊಮ್ಮೆ ಅನುಭವದ ಪತ್ರ ಬರೆಸಿಕೊಂಡು ಇಟ್ಟುಕೊಳ್ಳುವುದು ಲೇಸು.

ಮನೆಯಲ್ಲಿ ನಮ್ಮತ್ತೆ, "ಓದಿದ್ದು ಸಾಲ್ದೇನವ್ವ, ಹುಡುಗನ್ನ ಯಾವಾಗ ಓದಿಸ್ತೀ?" ಎಂದರು. ಮಗ ಆಗ ಎಲ್.ಕೆ.ಜಿ.ಯಲ್ಲಿದ್ದ. ಅವರ ಪ್ರಶ್ನೆ ತಪ್ಪಾಗಿರಲಿಲ್ಲ. ನಾನು ಉತ್ತರ ಕೊಡಲೂ ಇಲ್ಲ. 2016ರಲ್ಲಿ ರಾಜೀನಾಮೆ ಕೊಟ್ಟು, ದಾವಣಗೆರೆಯಲ್ಲಿಯೇ ಒಂದು ಕಾಲೇಜಿಗೆ ಮೆಡಿಕಲ್ ಸರ್ಜಿಕಲ್ ವಿಭಾಗಕ್ಕೆ ಸೇರಿದೆ. ಖಾಸಗಿ ಆಸ್ಪತ್ರೆಯ ನರ್ಸಿಗೆ ಓದಲು ಸಂಬಳ ಸಹಿತ ರಜೆ ಸಾಮಾನ್ಯವಾಗಿ ಸಿಗುವುದಿಲ್ಲ. ಆದ್ದರಿಂದ ಲೆಕ್ಕ ಹಾಕುವವರು ಶುಲ್ಕವೊಂದನ್ನೇ ನೋಡದೆ, ಅದರ ಪಕ್ಕದಲ್ಲಿ ನಿಂತುಹೋಗುವ ಇಪ್ಪತ್ನಾಲ್ಕು ತಿಂಗಳ ಸಂಬಳವನ್ನೂ ಬರೆದುಕೊಳ್ಳಬೇಕು.

ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಪಠ್ಯಕ್ರಮವನ್ನು ನಾನು ಗಮನವಿಟ್ಟು ಓದಿದ್ದು ಸೇರಿದ ನಂತರವೇ. ಮೊದಲ ವರ್ಷ ನರ್ಸಿಂಗ್ ಶಿಕ್ಷಣ, ಅಡ್ವಾನ್ಸ್ಡ್ ನರ್ಸಿಂಗ್ ಪ್ರಾಕ್ಟೀಸ್, ಸಂಶೋಧನೆ ಮತ್ತು ಸಂಖ್ಯಾಶಾಸ್ತ್ರ, ಇವುಗಳ ಜೊತೆಗೆ ಆಯ್ದುಕೊಂಡ ವಿಭಾಗ. ಎರಡನೆಯ ವರ್ಷ ನರ್ಸಿಂಗ್ ಆಡಳಿತ, ಅದೇ ವಿಭಾಗದ ಮುಂದುವರಿಕೆ ಮತ್ತು ಸಂಶೋಧನಾ ಪ್ರಬಂಧ. ವಿಭಾಗದ ಪ್ರಾಯೋಗಿಕ ಕೆಲಸಕ್ಕೆ ಮೊದಲ ವರ್ಷ 650 ಗಂಟೆ, ಎರಡನೆಯ ವರ್ಷ 950 ಗಂಟೆ ನಿಗದಿಯಾಗಿದೆ. ಒಟ್ಟು 1,600 ಗಂಟೆ ರೋಗಿಯ ಹಾಸಿಗೆಯ ಬಳಿ ಕಲಿಯಬೇಕೆಂದು ಕಾಗದ ಹೇಳುತ್ತದೆ. ವಾಸ್ತವದಲ್ಲಿ ಆ ಗಂಟೆಗಳಲ್ಲಿ ಬಹುಪಾಲು ನಮ್ಮ ಕಾಲೇಜಿನವರು ನಮ್ಮನ್ನು ಬಿ.ಎಸ್ಸಿ. ವಿದ್ಯಾರ್ಥಿಗಳ ಹಾಜರಿ ತೆಗೆದುಕೊಳ್ಳಲು, ರೋಗಿಯ ಆರೈಕೆಗೆ ಅವರು ಬರೆಯುವ ಕೇರ್ ಪ್ಲಾನ್ ತಿದ್ದಲು, ಪ್ರಾಕ್ಟಿಕಲ್ ಪರೀಕ್ಷೆಯ ದಿನ ಟೇಬಲ್ ಜೋಡಿಸಲು ಬಳಸಿಕೊಂಡರು. ಸಂಬಳವಿಲ್ಲದ ಟ್ಯೂಟರುಗಳು ನಾವು. ಸೇರುವ ಮೊದಲು ಅಲ್ಲಿ ಓದುತ್ತಿರುವವರನ್ನು ಕಾಲೇಜಿನ ಗೇಟಿನ ಹೊರಗೆ, ಚಹಾ ಅಂಗಡಿಯಲ್ಲಿ, "ವಾರಕ್ಕೆ ಎಷ್ಟು ದಿನ ನಿಮ್ಮದೇ ವಾರ್ಡ್ ಪೋಸ್ಟಿಂಗ್?" ಎಂದು ಕೇಳಿದ್ದರೆ ನನಗೆ ತಿಳಿಯುತ್ತಿತ್ತು. ನಾನು ಕಟ್ಟಡ ನೋಡಿ ಸೇರಿದೆ.

ಇನ್ನು ಪ್ರಬಂಧದ ವಿಚಾರ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸಿನಾಪ್ಸಿಸ್, ಅಂದರೆ ಪ್ರಬಂಧದ ರೂಪುರೇಷೆ, ಕಳುಹಿಸುವ ಹೊತ್ತಿಗೆ ಕಾಲೇಜಿನ ಗ್ರಂಥಾಲಯದಲ್ಲಿ ಹಳೆಯ ಪ್ರಬಂಧಗಳ ಸಾಲನ್ನು ನೋಡಿದವರಿಗೆ ಒಂದು ಮಾತು ಅರ್ಥವಾಗುತ್ತದೆ: ಹೆಚ್ಚಿನವುಗಳ ಹೆಸರು ಒಂದೇ ಅಚ್ಚಿನವು. ಇಂಥ ವಿಷಯದ ಬಗ್ಗೆ ಇಂಥವರಿಗಿರುವ ತಿಳಿವಳಿಕೆಯ ಮೇಲೆ ಎಸ್‌ಟಿಪಿಯ ಪರಿಣಾಮ, ದಾವಣಗೆರೆಯ ಆಯ್ದ ಆಸ್ಪತ್ರೆಗಳಲ್ಲಿ. ಎಸ್‌ಟಿಪಿ ಎಂದರೆ ಸ್ಟ್ರಕ್ಚರ್ಡ್ ಟೀಚಿಂಗ್ ಪ್ರೋಗ್ರಾಂ. ಮೊದಲು ಪ್ರಶ್ನೆ ಕೇಳಿ, ನಲವತ್ತೈದು ನಿಮಿಷ ಪಾಠ ಹೇಳಿ, ಏಳನೆಯ ದಿನ ಅದೇ ಪ್ರಶ್ನೆ ಮತ್ತೆ ಕೇಳಿದರೆ ಅಂಕ ಏರುತ್ತದೆ. ಏರದೆ ಇನ್ನೇನಾಗಬೇಕು? ನಾನೂ ಈ ಅಚ್ಚಿನಿಂದ ಪೂರ್ತಿ ತಪ್ಪಿಸಿಕೊಂಡೆನೆಂದು ಹೇಳಲಾರೆ. ಲಕ್ವ ಹೊಡೆದವರ ಅಟೆಂಡರುಗಳಿಗೆ, ಅಂದರೆ ಜೊತೆಗಿದ್ದು ನೋಡಿಕೊಳ್ಳುವವರಿಗೆ, ಹಾಸಿಗೆ ಹುಣ್ಣು ತಡೆಯುವುದನ್ನು ಕಲಿಸುವುದು ನನ್ನ ವಿಷಯವಾಗಿತ್ತು; ಅರವತ್ತು ಜನ. ಪಾಠದ ಜೊತೆಗೆ ಅವರು ರೋಗಿಯನ್ನು ನಿಜವಾಗಿ ಮಗ್ಗುಲಾಗಿಸುತ್ತಾರೆಯೇ ಎಂದು ನಿಂತು ನೋಡುವ ಒಂದು ಪಟ್ಟಿಯನ್ನು ನನ್ನ ಗೈಡ್ ಒತ್ತಾಯಿಸಿ ಸೇರಿಸಿದರು. ಆ ಮೇಡಂಗೆ ನಾನು ಋಣಿ.

ಪ್ರಶ್ನಾವಳಿಯನ್ನು ಮೊದಲು ಇಂಗ್ಲಿಷಿನಲ್ಲಿ ಬರೆದು, ಪರಿಣತರಿಂದ ತಿದ್ದಿಸಿ, ಕನ್ನಡಕ್ಕೆ ಮಾಡಿಸಿ, ಮತ್ತೊಬ್ಬರಿಂದ ಇಂಗ್ಲಿಷಿಗೆ ತಿರುಗಿಸಿ, ಎರಡೂ ತಾಳೆಯಾಗುತ್ತವೆಯೇ ಎಂದು ನೋಡುವುದು ಪದ್ಧತಿ. 'ಪ್ರೆಶರ್ ಪಾಯಿಂಟ್' ಎಂಬುದು ಕನ್ನಡದಲ್ಲಿ 'ಒತ್ತಡ ಬಿಂದು' ಆಯಿತು, ತಿರುಗಿ ಬರುವಾಗ ಮತ್ತೆ 'ಪ್ರೆಶರ್ ಪಾಯಿಂಟ್' ಆಯಿತು, ಎಲ್ಲರೂ ಸಹಿ ಹಾಕಿದರು. ಆರು ಜನರ ಮೇಲೆ ಪೈಲಟ್, ಅಂದರೆ ಮೊದಲ ಪ್ರಯೋಗ, ಮಾಡಲು ಹೋದಾಗ ಹೊನ್ನಾಳಿ ಕಡೆಯ ಒಬ್ಬ ತಾಯಿ ನಾಲ್ಕನೆಯ ಪ್ರಶ್ನೆಯ ಬಳಿ ನಿಂತು, "ಒತ್ತಡ ಅಂದ್ರೆ ಬಿಪಿ ಅಲ್ವಾ? ಬಿಪಿ ಗುಳಿಗೆ ದಿನಾ ಕೊಡ್ತೀವಲ್ಲ ಸಿಸ್ಟರ್" ಎಂದರು. ಮಿಕ್ಕವರಲ್ಲಿಯೂ ಮೂವರು ಹಾಗೆಯೇ ತಿಳಿದುಕೊಂಡಿದ್ದರು. ನಾನು ನನ್ನ ಮೊಣಕೈಯನ್ನು ರೋಗಿಯ ಪಕ್ಕದ ಕಬ್ಬಿಣದ ಲಾಕರಿನ ಮೇಲೆ ಊರಿ ತೋರಿಸಿದೆ. ಆಕೆ ತಮ್ಮ ಮೊಣಕೈಯನ್ನೂ ಊರಿ ನೋಡಿಕೊಂಡು, ಒಂದು ಕ್ಷಣ ಬಿಟ್ಟು, "ಓ, ಎಲುಬು ಚುಚ್ಚೋ ಜಾಗ" ಎಂದರು. ಆಮೇಲೆ ನಾನು ಕೇಳದೆಯೇ ಗಂಡನ ಹಿಮ್ಮಡಿ, ಸೊಂಟದ ಪಕ್ಕ, ತಲೆಯ ಹಿಂಭಾಗ ಎಲ್ಲವನ್ನೂ ಬೆರಳಿನಿಂದ ಒತ್ತಿ ತೋರಿಸಿದರು. ಇಬ್ಬರು ಅನುವಾದಕರಿಗೂ ಇಂಗ್ಲಿಷ್ ಗೊತ್ತಿದ್ದುದರಿಂದಲೇ ಆ ತಪ್ಪು ಅವರ ಕಣ್ಣಿಗೆ ಬೀಳಲಿಲ್ಲ. ಪ್ರಶ್ನಾವಳಿಯಲ್ಲಿ 'ಎಲುಬು ಚುಚ್ಚುವ ಜಾಗ' ಎಂದು ಬದಲಾಯಿಸಿದೆ. ಬದಲಾವಣೆಗೆ ಮತ್ತೆ ಒಪ್ಪಿಗೆ ಪಡೆಯಲು ಹತ್ತು ದಿನ ಹೋದವು, ಅದು ನಿಯಮ.

ಅಂಕಿಅಂಶದ ಭಾಗ ಎಲ್ಲರಿಗೂ ಭಯ ಹುಟ್ಟಿಸುತ್ತದೆ, ಆದರೆ ಪಾಠಕ್ಕೆ ಮೊದಲಿನ ಮತ್ತು ನಂತರದ ಅಂಕಗಳನ್ನು ಹೋಲಿಸುವ ಪೇರ್ಡ್ 'ಟಿ' ಪರೀಕ್ಷೆಯನ್ನು ಒಮ್ಮೆ ಕೈಯಲ್ಲಿ ಲೆಕ್ಕ ಹಾಕಿ ನೋಡಿದರೆ ಆ ಭಯ ಇಳಿಯುತ್ತದೆ. ನನ್ನ ಅರವತ್ತು ಜನರ ಅಂಕಗಳೂ ನಿರೀಕ್ಷೆಯಂತೆ ಏರಿದವು. ಆದರೆ ನಿಂತು ನೋಡಿದ ಪಟ್ಟಿ ಬೇರೆಯದನ್ನೇ ಹೇಳುತ್ತಿತ್ತು. ರಾತ್ರಿ ಎರಡಕ್ಕೂ ನಾಲ್ಕಕ್ಕೂ ಎದ್ದು ರೋಗಿಯನ್ನು ಹೊರಳಿಸುತ್ತಿದ್ದವರು ಹೆಚ್ಚು ಅಂಕ ಪಡೆದವರಲ್ಲ. ಜೊತೆಗೆ ಇನ್ನೊಬ್ಬರು ಇದ್ದವರು. ಒಬ್ಬರೇ ಇದ್ದ ಅಟೆಂಡರಿಗೆ ಎಲ್ಲವೂ ತಿಳಿದಿತ್ತು, ಆದರೆ ಎಪ್ಪತ್ತು ಕಿಲೋ ತೂಕದ ಮೈಯನ್ನು ಒಂಟಿಯಾಗಿ ಹೊರಳಿಸಲು ಅವರಿಂದ ಆಗುತ್ತಿರಲಿಲ್ಲ. ಪ್ರಬಂಧದಲ್ಲಿ ಇದು ಕೊನೆಯ ಅಧ್ಯಾಯದ ಎರಡು ಸಾಲಾಗಿ ಉಳಿಯಿತು. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಯಾರೂ ಅದನ್ನು ಕೇಳಲಿಲ್ಲ. ಆದರೆ ಈಗ ನಾನು ವಿದ್ಯಾರ್ಥಿಗಳಿಗೆ ರೋಗಿಯನ್ನು ಮಗ್ಗುಲಾಗಿಸುವುದನ್ನು ಕಲಿಸುವಾಗ ಮೊದಲು ಕಲಿಸುವುದು, ಹಾಸಿಗೆಯ ಮೇಲೆ ಅಡ್ಡಲಾಗಿ ಹಾಸಿದ ಡ್ರಾ ಶೀಟಿನ ಅಂಚನ್ನು ಹಿಡಿದು, ರೋಗಿಯ ಮಂಡಿ ಮಡಚಿ, ಒಬ್ಬರೇ ಹೊರಳಿಸುವ ಬಗೆಯನ್ನು.

ಬಡ್ತಿಯ ವಿಚಾರಕ್ಕೆ ಬರುತ್ತೇನೆ. ಈ ಪದವಿ ಹಾಕಿಕೊಡುವ ಏಣಿ ಬಹುಮಟ್ಟಿಗೆ ತರಗತಿಯ ಕಡೆಗೇ ವಾಲಿದೆ. ಟ್ಯೂಟರ್ ಆಗಿ ಮೂರು ವರ್ಷ ಪಾಠ ಮಾಡಿದ ಮೇಲೆ ಅಸಿಸ್ಟೆಂಟ್ ಪ್ರೊಫೆಸರ್, ಮುಂದೆ ಅಸೋಸಿಯೇಟ್, ಪ್ರೊಫೆಸರ್; ಪ್ರಾಂಶುಪಾಲರಾಗಲು 15 ವರ್ಷದ ಅನುಭವ ಬೇಕು. ವಾರ್ಡಿನಲ್ಲಿಯೇ ಇರಬೇಕೆನ್ನುವವರಿಗೆ ಇಂಥ ಮೆಟ್ಟಿಲುಗಳಿಲ್ಲ. ಕೇಂದ್ರ ಸರ್ಕಾರದ ಏಮ್ಸ್ ಆಸ್ಪತ್ರೆಗಳ ನರ್ಸಿಂಗ್ ಆಫೀಸರ್ ಹುದ್ದೆಗೆ ನಡೆಯುವ ನಾರ್ಸೆಟ್ ಪರೀಕ್ಷೆಯನ್ನು ಬಿ.ಎಸ್ಸಿ. ಓದಿದವರೂ, ಎರಡು ವರ್ಷ ಅನುಭವವಿರುವ ಜಿ.ಎನ್.ಎಂ.ನವರೂ ಬರೆಯಬಹುದು, ಅದಕ್ಕೆ ಎಂ.ಎಸ್ಸಿ. ಬೇಕಿಲ್ಲ. ಹೀಗಾಗಿ ಸರ್ಕಾರಿ ನೌಕರಿಯೇ ಗುರಿಯಾಗಿರುವ ಇಪ್ಪತ್ತೈದರ ಹುಡುಗಿಗೆ ಎಂ.ಎಸ್ಸಿ. ಸೇರು ಎಂದು ನಾನು ಹೇಳುವುದಿಲ್ಲ, ಮೊದಲು ಆ ಪರೀಕ್ಷೆ ಬರೆ ಎನ್ನುತ್ತೇನೆ. ವಾರ್ಡಿನ ಕಡೆಗೇ ಹತ್ತುವ ದಾರಿಯೊಂದನ್ನು ಭಾರತೀಯ ನರ್ಸಿಂಗ್ ಕೌನ್ಸಿಲ್ ತೆರೆದಿದೆ: ಕ್ರಿಟಿಕಲ್ ಕೇರ್ ನರ್ಸ್ ಪ್ರಾಕ್ಟಿಷನರ್ ಎಂಬ ಸ್ನಾತಕೋತ್ತರ ರೆಸಿಡೆನ್ಸಿ, ಅದೂ ಎರಡು ವರ್ಷ, ಬಹುಪಾಲು ಐಸಿಯುನಲ್ಲಿಯೇ. ನಾನು ಸೇರುವ ಹೊತ್ತಿಗೆ ಅದು ನನ್ನ ಕಿವಿಗೆ ಬಿದ್ದಿದ್ದರೆ ಬಹುಶಃ ನನ್ನ ಆಯ್ಕೆ ಬೇರೆಯಾಗುತ್ತಿತ್ತು.

ವಿಭಾಗದ ಆಯ್ಕೆಯಲ್ಲಿ ಹಲವರು ಎಡವುತ್ತಾರೆ. ಮೆಡಿಕಲ್ ಸರ್ಜಿಕಲ್, ಹೆರಿಗೆ ಮತ್ತು ಸ್ತ್ರೀರೋಗ, ಮಕ್ಕಳ ವಿಭಾಗ, ಸಮುದಾಯ ಆರೋಗ್ಯ, ಮಾನಸಿಕ ಆರೋಗ್ಯ ಎಂಬ ಐದರಲ್ಲಿ ಯಾವುದಕ್ಕೆ ಸೀಟು ಸುಲಭ, ಯಾವುದಕ್ಕೆ ಬೇಡಿಕೆ ಎಂದಷ್ಟೇ ವಿಚಾರಿಸುತ್ತಾರೆ. ಮಕ್ಕಳ ಅಳು ಸಹಿಸಲಾಗದೆ ಎನ್ಐಸಿಯುನಿಂದ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಿಂದ, ವರ್ಗ ಕೇಳಿ ಬಂದವಳು ಸೀಟು ಸಿಕ್ಕಿತೆಂದು ಪೀಡಿಯಾಟ್ರಿಕ್ಸ್ ತೆಗೆದುಕೊಂಡದ್ದನ್ನು ನೋಡಿದ್ದೇನೆ.

ಕಳೆದ ವಾರ ಚಿತ್ರದುರ್ಗದಿಂದ ಒಬ್ಬಳು ಫೋನ್ ಮಾಡಿದ್ದಳು. ಹೆರಿಗೆ ವಾರ್ಡಿನಲ್ಲಿ ಐದು ವರ್ಷ ಕೆಲಸ, ಅಂಕ ಶೇಕಡಾ 61, ಗಂಡನ ಒಪ್ಪಿಗೆ ಇದೆ, ಪ್ರಬಂಧಕ್ಕೆ ವಿಷಯ ಮಾತ್ರ ಹೊಳೆಯುತ್ತಿಲ್ಲ ಎಂದಳು. ಮೂರು ನೈಟ್ ಡ್ಯೂಟಿಯಲ್ಲಿ ಬಾಣಂತಿಯರ ತಾಯಂದಿರು ಕೇಳುವ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ, ತಿದ್ದದೆ, ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಾ ಎಂದು ಹೇಳಿದ್ದೇನೆ. ಭಾನುವಾರ ಬರುತ್ತಾಳೆ.