ಲಾಂಗ್‌ವುಡ್‌ನ ಒಂದು ಪೌಂಡ್ ಪಾಪುಗಳು

ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ಸ್ಟೇಷನ್ ನೋಡಿದರೆ ಯಾವುದೋ ಅರಮನೆಗೆ ಬಂದ ಹಾಗಿರುತ್ತದೆ. ಅಷ್ಟು ದೊಡ್ಡ ಕಂಬಗಳು. ಎದುರಿಗೆ ಬ್ರಿಟನ್ನಿನ ಪ್ರಧಾನಿಯಾಗಿದ್ದ ಹೆರಾಲ್ಡ್ ವಿಲ್ಸನ್ ಪ್ರತಿಮೆ, ಅವರು ಇದೇ ಊರಲ್ಲಿ ಹುಟ್ಟಿದವರು. ಎಲ್ಲರೂ ಅಲ್ಲಿ ಫೋಟೋ ತೆಗೆಸಿಕೊಳ್ಳುತ್ತಾರೆ. ನನಗೆ ಬೇಕಿದ್ದದ್ದು 1904ರಿಂದ 1906ರವರೆಗೆ ಇಲ್ಲಿ ಮೇಯರ್ ಆಗಿದ್ದ, ಕೂಸುಗಳ ಸಾವು ತಡೆಯಲು ಹೊರಟ ಬೆಂಜಮಿನ್ ಬ್ರಾಡ್‌ಬೆಂಟ್ ಅವರ ಕಥೆ. ಅದಕ್ಕೇ ಇದೇ ಊರಿನ ಲಾಂಗ್‌ವುಡ್ ಬಡಾವಣೆಯ ಬಸ್ ಹತ್ತಿದೆ.

ಬಸ್ಸು ಏದುಸಿರು ಬಿಡುತ್ತಾ ಏರು ಹತ್ತಿತು. ಗೋಡೆಗೆ ಗೋಡೆ ಅಂಟಿಕೊಂಡ ಕಲ್ಲಿನ ಮನೆಗಳು. ಗಿರಣಿ ಹೊಗೆ ಕುಡಿದ ಕಲ್ಲು ಇನ್ನೂ ಕಪ್ಪಗಿದೆ. ಉಣ್ಣೆ ಗಿರಣಿಯ ಕಾಲದಲ್ಲಿ ಇಂಥ ಬೀದಿಗಳಲ್ಲಿ ಕೂಸುಗಳು ಸಾಯುವುದು ಮಾಮೂಲಿ. 1899ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ ಸುಮಾರು 160 ಮಕ್ಕಳು ವರ್ಷ ತುಂಬುವ ಮೊದಲೇ ಹೋಗುತ್ತಿದ್ದವು. ಬೇಸಿಗೆಯಲ್ಲಿ ಭೇದಿ ಬಂದರಂತೂ ಕೇಳಲೇಬೇಡಿ. ಆ ಕಾಲದ ಹಾಲಿನ ಬಾಟಲಿಯೊಂದನ್ನು ಮ್ಯೂಸಿಯಂ ಒಂದರ ಗಾಜಿನೊಳಗೆ ನೋಡಿದ್ದೆ. ಅದಕ್ಕೆ ಉದ್ದನೆಯ ರಬ್ಬರ್ ನಳಿಗೆ. ಮಗು ಮಲಗಿದಲ್ಲೇ ಚೀಪಬಹುದು, ತಾಯಿ ಕೆಲಸ ನೋಡಿಕೊಳ್ಳಬಹುದು. ಆದರೆ ಆ ನಳಿಗೆಯ ಒಳಗೆ ತೊಳೆಯುವುದು ಹೇಗೆ? ಹಾಲು ಅಲ್ಲೇ ಹುಳಿತು ಕೊಳೆಯುತ್ತಿತ್ತು.

ಬ್ರಾಡ್‌ಬೆಂಟ್ ಒಂದು ಮಾತು ಕೊಟ್ಟರು. ತಾವು ಮೇಯರ್ ಆಗಿರುವಾಗ ಲಾಂಗ್‌ವುಡ್‌ನಲ್ಲಿ ಹುಟ್ಟಿದ ಮಗು ಮೊದಲ ಹುಟ್ಟುಹಬ್ಬ ಕಂಡರೆ ಒಂದು ಪೌಂಡ್! 112 ಮಕ್ಕಳಲ್ಲಿ 107 ಉಳಿದವು.

ಎಲ್ಲರೂ ಹೇಳುವುದು ಈ ಪೌಂಡಿನ ಕಥೆಯನ್ನೇ. ನನಗೇನೋ ನಿಜವಾದ ಕೆಲಸ ಮಾಡಿದ್ದು ಒಂದು ಶಿಲ್ಲಿಂಗ್, ಅಂದರೆ ಪೌಂಡಿನ ಇಪ್ಪತ್ತರಲ್ಲೊಂದು ಪಾಲು, ಅನ್ನಿಸುತ್ತದೆ. ಆಗ ಜನನ ನೋಂದಣಿಗೆ ಆರು ವಾರ ಗಡುವಿತ್ತು. ಅಷ್ಟರಲ್ಲಿ ಎಷ್ಟೋ ಕೂಸುಗಳು ಮಣ್ಣಾಗಿರುತ್ತಿದ್ದವು. ಹಾಗಾಗಿ ಹೆರಿಗೆಯಾದ 48 ಗಂಟೆಯೊಳಗೆ ಊರಿನ ಆಡಳಿತಕ್ಕೆ ಸುದ್ದಿ ಮುಟ್ಟಿಸಿದವರಿಗೆ ಒಂದು ಶಿಲ್ಲಿಂಗ್ ಕೊಡುವ ಏರ್ಪಾಡಾಯಿತು. ಸುದ್ದಿ ಸಿಕ್ಕ ಕೂಡಲೇ ಲೇಡಿ ಡಾಕ್ಟರ್ ಮನೆಗೆ ಬರುತ್ತಿದ್ದರು. ಎದೆಹಾಲು ಕೊಡಿ, ಬಾಟಲಿ ಬೇಡ ಅನ್ನುವುದು ಮುಖ್ಯ ಬುದ್ಧಿಮಾತು. ನಮ್ಮ ಆಶಾ ಕಾರ್ಯಕರ್ತೆ ಬಾಣಂತಿ ಮನೆಗೆ ಬರುವುದು ನೆನಪಾಯಿತು, ಅಲ್ವಾ?

1906ರಲ್ಲಿ ಹಡರ್ಸ್‌ಫೀಲ್ಡ್ ತನ್ನದೇ ಕಾಯ್ದೆ ತಂದು ಹೀಗೆ ಹೆರಿಗೆಯ ಸುದ್ದಿ ಕೊಡುವುದನ್ನು ಕಡ್ಡಾಯ ಮಾಡಿತು. ಮರುವರ್ಷ ದೇಶಕ್ಕೂ ಕಾಯ್ದೆ ಬಂತು. ಆದರೆ ಬೇಕಾದ ಊರು ಒಪ್ಪಿಕೊಳ್ಳಬಹುದು, ಬೇಡವಾದರೆ ಬಿಡಬಹುದು. ಎಲ್ಲ ಕಡೆ ಕಡ್ಡಾಯವಾಗಿದ್ದು 1915ರಲ್ಲಿ, ಮಹಾಯುದ್ಧದ ನಡುವೆ. ಗಂಡಸರು ಸಾಯತೊಡಗಿದ ಮೇಲೆ ಕೂಸುಗಳ ಬೆಲೆ ಜಾಸ್ತಿಯಾಯಿತು ಅಂತ ಅನ್ನಿಸದೆ ಇರಲಿಲ್ಲ.

ಇನ್ನೊಂದು ಕಿರಿಕಿರಿಯೂ ಇದೆ. ಆ ಕಾಲದ ಎಷ್ಟೋ ದೊಡ್ಡ ಮನುಷ್ಯರು ಮಗು ಸತ್ತರೆ ತಾಯಿಗೆ ತಿಳಿವಳಿಕೆ ಸಾಲದು ಅನ್ನುತ್ತಿದ್ದರು. ಥಂಡಿ ಗೋಡೆ, ಕಡಿಮೆ ಕೂಲಿ, ಹತ್ತಾರು ಮನೆಗೆ ಒಂದೇ ನಲ್ಲಿ ಇದ್ದರೆ ತಿಳಿವಳಿಕೆ ಏನು ಮಾಡೀತು?

ಮರುದಿನ ಸೇಂಟ್ ಹೆಲೆನ್ಸ್‌ಗೆ ಹೊರಟೆ. ಕೂಸುಗಳಿಗೆ ಶುದ್ಧ ಹಾಲು ಒದಗಿಸುವ ಇಂಗ್ಲೆಂಡಿನ ಮೊದಲ ಮುನಿಸಿಪಲ್ ಡಿಪೋ ಶುರುವಾಗಿದ್ದು ಅಲ್ಲೇ, 1899ರಲ್ಲಿ.